ಬಲಗೈಯ ಅಳತೆ

ಜೂನ್ 12

ಅಪ್ಪಾ,

ಬಸ್ಸು ಎರಡು ಗಂಟೆ ತಡವಾಗಿ ಮುಟ್ಟಿತು. ಅದು ಬಿಟ್ಟರೆ ಎಲ್ಲ ಸರಿ. ಈ ವರ್ಷ ಹಾಸ್ಟೆಲಿನಲ್ಲಿ ಮೂರನೇ ಮಹಡಿ ಸಿಕ್ಕಿದೆ. ಕಿಟಕಿ ತೆಗೆದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗ. ಬೆಳಗಿನಿಂದ ಸಂಜೆಯವರೆಗೆ ಬಿಳಿ ಹೊದಿಕೆಗಳು ಒಣಗುತ್ತಲೇ ಇರುತ್ತವೆ. ಇದನ್ನೆಲ್ಲ ಅಮ್ಮನಿಗೆ ಆಗಲೇ ಹೇಳಿಯಾಯಿತು. ಫೋನು ಅಮ್ಮನಿಗೆ, ಪತ್ರ ನಿನಗೆ. ರಜೆಯಲ್ಲಿ ಮಾಡಿಕೊಂಡ ಒಪ್ಪಂದ ಮರೆತಿಲ್ಲ ತಾನೆ?

ಮರೆತಿದ್ದರೆ ಇನ್ನೊಮ್ಮೆ ಹೇಳುತ್ತೇನೆ. ಆದಾಗಲೆಲ್ಲ ಒಂದು ಪತ್ರ, ಬಲಗೈಯಲ್ಲೇ. ನಾಲ್ಕೇ ಸಾಲಾದರೂ ಸರಿ, ಕಾಗೆ ಕಾಲು ಗುಬ್ಬಿ ಕಾಲು ಆದರೂ ಸರಿ. ಪೆನ್ನಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಟ್ಟಿದ್ದೇನಲ್ಲ, ಅದನ್ನೇ ಹಿಡಿ. ಎಡಗೈಯಲ್ಲಿ ಬರೆದು ಮೋಸ ಮಾಡಿದರೆ ನನಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ನಿನ್ನ ಕೈಯ ಫೋಟೊಗಳನ್ನು ನಮ್ಮ ಮೇಡಂಗೆ ತೋರಿಸಿದೆ. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. “ಹತ್ತು ವರ್ಷ ಇದನ್ನ ಯಾರೂ ಮುಟ್ಟೇ ಇಲ್ವೇನಮ್ಮಾ?” ಎಂದರು. ಎರಡು ವರ್ಷದಿಂದ ಫಿಸಿಯೋಥೆರಪಿ ಓದುತ್ತಿರುವ ನಾನು ನೆಲ ನೋಡಿದೆ. ನರ ಪೂರ್ತಿ ಸತ್ತಿಲ್ಲವಂತೆ. ಬೆರಳು ಮಡಚಿಕೊಂಡಿರುವುದು ಬಹುಮಟ್ಟಿಗೆ ಬಿಗಿದುಹೋದ ಸ್ನಾಯುಗಳಿಂದಂತೆ. ದಿನಾ ಬಿಡದೆ ಎಳೆದರೆ ಸ್ವಲ್ಪವಾದರೂ ಬಿಡುತ್ತದೆ ಎಂದರು.

ಅದಕ್ಕೇ, ಬೆಳಿಗ್ಗೆ ಬಿಸಿ ಮೇಣದಲ್ಲಿ ಕೈ ಅದ್ದುವುದು. ಆಮೇಲೆ ಒಂದೊಂದೇ ಬೆರಳು ಬಿಡಿಸಿ ನೂರು ಎಣಿಸುವುದು. ಕೊನೆಗೆ ಹಿಟ್ಟಿನ ಉಂಡೆ ಹಿಸುಕುವುದು. ತಿಂಗಳಿಗೊಮ್ಮೆ ಅಮ್ಮ ಅಳತೆಪಟ್ಟಿ ಹಿಡಿದು ಬೆರಳುಗಳ ಅಳತೆ ತೆಗೆದು ನನಗೆ ಹೇಳಬೇಕು. ನಾನು ಬರೆದಿಡುತ್ತೇನೆ.

ನಿನ್ನ
ಇಕ್ಕಳ

*

ಜೂನ್ 23

ಇಕ್ಕಳಕ್ಕೆ,

ಇದು ಬಲಗೈ. ಎಡಗೈ ಮೇಜಿನ ಕೆಳಗಿದೆ, ನಿಮ್ಮಮ್ಮ ಸಾಕ್ಷಿ. ಇಷ್ಟು ಬರೆಯುವುದಕ್ಕೆ ಅರ್ಧ ಗಂಟೆ ಆಯಿತು. ಸೈನ್ಯದಲ್ಲಿದ್ದಾಗ ಅಷ್ಟರಲ್ಲಿ ನಾನು ಲಾರಿಯ ಗೇರ್‌ಬಾಕ್ಸ್ ಬಿಚ್ಚಿ ಹರಡುತ್ತಿದ್ದೆ.

ಸಾಕು.

ಅಪ್ಪ

*

ಆಗಸ್ಟ್ 3

ಇಕ್ಕಳಕ್ಕೆ,

ಪೆಟ್ಟು ಹೇಗಾಯಿತು ಎಂದು ನಿಮ್ಮ ಮೇಡಂ ಕೇಳಿದ್ದಾರೆ ಎಂದು ಬರೆದಿದ್ದೀಯ. ನೀನೂ ಇದುವರೆಗೆ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಸೈನ್ಯ ಸೇರಿ ಹನ್ನೊಂದನೇ ವರ್ಷ. ವರ್ಕ್‌ಶಾಪಿನಲ್ಲಿ ಲಾರಿ ಜಾಕಿನ ಮೇಲಿತ್ತು, ನಾನು ಅಡಿಯಲ್ಲಿ ಕೈ ಹಾಕಿದ್ದೆ. ಜಾಕು ಜಾರಿತು. ಇಷ್ಟೇ. ಗುಂಡಿಲ್ಲ, ಶತ್ರುವಿಲ್ಲ. ಕೈ ನೋಡಿದವರು ಏನೋ ದೊಡ್ಡ ಕಥೆ ಇದೆ ಎಂದು ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತಾರೆ. ಜಾಕು ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಅದಕ್ಕೇ ಹೇಳುವುದು ಬಿಟ್ಟೆ.

ಒಂದು ವರ್ಷ ಆಸ್ಪತ್ರೆ. ಆಮೇಲೆ ‘ಸೇವೆಗೆ ಅನರ್ಹ’ ಎಂದು ಬರೆದು ಮನೆಗೆ ಕಳಿಸಿದರು. ಪೂರ್ತಿ ಪಿಂಚಣಿಗೆ ಮೂರು ವರ್ಷ ಕಮ್ಮಿಯಾಗಿತ್ತು. ಹಾಗಾಗಿ ನನಗೆ ಬರುವುದು ಅಂಗವೈಕಲ್ಯದ ಪಿಂಚಣಿ ಒಂದೇ. ಕೈ ನೋಡಿ ಶೇಕಡಾ ನಲವತ್ತು ಎಂದು ಬರೆದಿದ್ದರು. ಆ ಕಾಗದ ಓದಿ ನಿಮ್ಮಮ್ಮ, “ಹೋಗ್ಲಿ ಬಿಡಿ, ಉಳಿದ ಅರವತ್ತು ನಂದು” ಎಂದಿದ್ದಳು. ಆಮೇಲೆ ಗೇಟು ಕಾಯುವ ಕೆಲಸವೊಂದು ಸಿಕ್ಕಿತ್ತು. ಮಾಲೀಕರ ಕಾರು ಬಂದಾಗ ಸಲ್ಯೂಟಿಗೆ ಕೈ ಏಳುವುದಿಲ್ಲ ಎಂದು ತಿಂಗಳೊಳಗೆ ಬಿಡಿಸಿದರು. ಸೈನ್ಯದಲ್ಲಿ ಹೊಡೆದ ಸಲ್ಯೂಟಿಗೆ ಲೆಕ್ಕವಿಲ್ಲ, ಇಲ್ಲಿ ಒಂದಕ್ಕೆ ಗತಿಯಿಲ್ಲ.

ನೀನು ಹುಟ್ಟಿ ನಾಲ್ಕನೇ ದಿನ ನನ್ನ ಈ ಬಲಗೈಯ ತೋರುಬೆರಳು ಹಿಡಿದುಕೊಂಡು ಬಿಡಲಿಲ್ಲ. ನರ್ಸು ಬಿಡಿಸಲು ನೋಡಿ ಸೋತಳು. ಇಕ್ಕಳ ಎಂದು ಹೆಸರಿಟ್ಟದ್ದು ಆವತ್ತು. ನಿಮ್ಮ ಮೇಡಂಗೆ ಇದನ್ನೂ ಹೇಳು, ಜಾಕಿಗಿಂತ ಚೆನ್ನಾಗಿದೆ.

ಮೇಣ ಸುಡುತ್ತದೆ. ಆದರೂ ಅದ್ದುತ್ತಿದ್ದೇನೆ. ಇವತ್ತು ಒಂದೂವರೆ ಪುಟ ಆಯಿತು, ನೋಡು.

ಅಪ್ಪ

*

ಸೆಪ್ಟೆಂಬರ್ 21

ಇಕ್ಕಳಾ,

ಇವತ್ತು ಅಂಗಿಯ ಗುಂಡಿ ನಾನೇ ಹಾಕಿಕೊಂಡೆ. ಐದೂ ಗುಂಡಿ. ಬಲಗೈಯಲ್ಲಿ.

ನಿಮ್ಮಮ್ಮ ಎಂದಿನಂತೆ ಗಾರ್ಮೆಂಟ್ಸಿನವರ ಅಂಗಿಗಳ ರಾಶಿ ಮುಂದಿಟ್ಟುಕೊಂಡು ಕಾಜಾ ಹೊಲಿಯುತ್ತಿದ್ದಳು. ಎದುರಿಗೆ ಹೋಗಿ ನಿಂತೆ. ಅವಳಿಗೆ ಮೊದಲು ತಿಳಿಯಲಿಲ್ಲ. “ಏನು, ಹೊರಗೆ ಹೊರಟ್ರಾ?” ಎಂದಳು. ಆಮೇಲೆ ಸೂಜಿ ಕೆಳಗಿಟ್ಟಳು. ಹತ್ತು ವರ್ಷದಿಂದ ದಿನಾ ನನ್ನ ಗುಂಡಿ ಹಾಕುವವಳು ಅವಳೇ ಅಲ್ಲವೆ? ಒಂದು ಗುಂಡಿ ಬಿಚ್ಚಿ, “ಇನ್ನೊಂದ್ಸಲ ಹಾಕಿ ನೋಡೋಣ” ಎಂದಳು. ಹಾಕಿದೆ. ಅತ್ತುಬಿಟ್ಟಳು. ಇದನ್ನು ಬರೆಯಬೇಡಿ ಎಂದು ಹೇಳಿದ್ದಾಳೆ.

ಅಲ್ಲಿಂದ ನೇರ ಟಯರ್ ಮಾವನ ಅಂಗಡಿಗೆ ಹೋದೆ. ಸ್ಪ್ಯಾನರ್ ಕೈಗೆ ತೆಗೆದುಕೊಂಡು ಒಂದು ನಟ್ಟು ಸಡಿಲಿಸಿದೆ. ನಿಮ್ಮ ಮಾವ ತಮ್ಮ ಕೆಲಸದವರನ್ನೆಲ್ಲ ಕರೆದು, “ನೋಡ್ರೋ, ನಮ್ ಭಾವನ ಕೈ ರಜೆ ಮುಗಿಸ್ಕೊಂಡು ಡ್ಯೂಟಿಗೆ ಬಂದಿದೆ” ಎಂದರು. ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿತು, ಅದು ಬೇರೆ ಮಾತು.

ಪಿಂಚಣಿ ಕಚೇರಿಯಿಂದ ಕಾಗದ ಬಂದಿದೆ. ಹತ್ತು ವರ್ಷವಾಯಿತಲ್ಲ, ವೈದ್ಯಕೀಯ ಮಂಡಳಿಯ ಮುಂದೆ ಮತ್ತೊಮ್ಮೆ ಕೈ ತೋರಿಸಬೇಕಂತೆ. ಅಕ್ಟೋಬರ್ ಹದಿನೈದಕ್ಕೆ. ಹೋಗಿ ತೋರಿಸಿ ಬರುವುದು, ಅಷ್ಟೆ.

ಅಪ್ಪ

*

ಸೆಪ್ಟೆಂಬರ್ 28

ಅಪ್ಪಾ, ಅಪ್ಪಾ, ಅಪ್ಪಾ,

ನಿನ್ನ ಪತ್ರವನ್ನು ಇಡೀ ಕ್ಲಾಸಿಗೆ ಓದಿ ಹೇಳಿದೆ. ಅಮ್ಮ ಅತ್ತದ್ದನ್ನೂ ಓದಿದೆ, ಅವಳಿಗೆ ಹೇಳಬೇಡ. ಮೇಡಂ ನಿನ್ನ ಜೂನ್ ತಿಂಗಳ ಅಕ್ಷರವನ್ನೂ ಈಗಿನ ಅಕ್ಷರವನ್ನೂ ಪಕ್ಕ ಪಕ್ಕ ಇಟ್ಟು ಗೋಡೆಗೆ ಅಂಟಿಸಿದ್ದಾರೆ.

ಮಂಡಳಿಗೆ ಬರಿಗೈಯಲ್ಲಿ ಹೋಗಬೇಡ. ಜೂನ್‌ನಿಂದ ಇಲ್ಲಿಯವರೆಗಿನ ಅಳತೆಗಳ ಪಟ್ಟಿಯನ್ನು ನೀಟಾಗಿ ಬರೆದು ಇದರ ಜೊತೆ ಕಳಿಸಿದ್ದೇನೆ. ಯಾವ ಬೆರಳು ಎಷ್ಟು ಬಿಚ್ಚುತ್ತಿತ್ತು, ಈಗ ಎಷ್ಟು ಬಿಚ್ಚುತ್ತದೆ, ಎಲ್ಲ ಅದರಲ್ಲಿದೆ. ಡಾಕ್ಟರ ಕೈಗೆ ಕೊಡು. ಹತ್ತು ವರ್ಷ ಅವರು ಮಾಡದ್ದನ್ನು ಒಬ್ಬ ಹುಡುಗಿ ಪತ್ರದಲ್ಲೇ ಮಾಡಿದಳು ಎಂದು ಅವರಿಗೂ ಸ್ವಲ್ಪ ಗೊತ್ತಾಗಲಿ.

ಸಂಕೋಚ ಪಟ್ಟು ಜೇಬಿನಲ್ಲೇ ಇಟ್ಟುಕೊಂಡು ಬಂದರೆ ನಾನು ಮಾತು ಬಿಡುತ್ತೇನೆ. ಕೊಡಲೇಬೇಕು.

ನಿನ್ನ
ಇಕ್ಕಳ

*

ಅಕ್ಟೋಬರ್ 17

ಇಕ್ಕಳಾ,

ಹೋಗಿ ಬಂದೆ. ಪಟ್ಟಿ ಕೊಟ್ಟೆ.

ಉದ್ದನೆಯ ಮೊಗಸಾಲೆ, ಗೋಡೆಗೆ ಒರಗಿಸಿದ ಹಸಿರು ಬೆಂಚು. ನನ್ನಂಥವರು ಇಪ್ಪತ್ತು ಮಂದಿ. ಒಬ್ಬನಿಗೆ ಮೊಣಕಾಲು, ಒಬ್ಬನಿಗೆ ಬೆನ್ನು, ಇನ್ನೊಬ್ಬ ಹೆಂಡತಿಯ ಭುಜ ಹಿಡಿದು ಸುಮ್ಮನೆ ಗೋಡೆ ನೋಡುತ್ತಿದ್ದ. ನನ್ನ ಪಕ್ಕ ಫಿರಂಗಿ ದಳದ ಮುದುಕ, ಎರಡೂ ಕಿವಿ ಹೋಗಿವೆ. ಗುಟ್ಟು ಹೇಳುವವನ ಹಾಗೆ ನನ್ನ ಕಡೆ ಬಾಗಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ, “ಒಳಗೆ ಹೋದ್ಮೇಲೆ ಕೈ ಮಡಚ್ಕೊಂಡೇ ಇರಪ್ಪಾ! ವಾಸಿಯಾದೋರಿಗೆ ಇಲ್ಲಿ ಏನೂ ಸಿಗಲ್ಲ!” ಎಂದ. ಬೆಂಚಿಗೆ ಬೆಂಚೇ ನಕ್ಕಿತು. ನಾನೂ ನಕ್ಕೆ.

ಒಳಗೆ ಮೂರು ಜನ ಡಾಕ್ಟರು. ನಡುವೆ ಕೂತವರು ನನಗಿಂತ ಚಿಕ್ಕವರು. ನಿನ್ನ ಪಟ್ಟಿಯನ್ನು ಎರಡು ಸಲ ಓದಿದರು.

“ಯಾರು ಮಾಡಿದ್ದು ಇದನ್ನ?”

“ನನ್ನ ಮಗಳು, ಸಾರ್. ಓದ್ತಾ ಇದಾಳೆ.”

“ನಮ್ಮ ಆಸ್ಪತ್ರೇಲೂ ಇಷ್ಟು ನೀಟಾಗಿ ಬರೆಯಲ್ಲ ರೀ.”

ಆಮೇಲೆ ಹಿಡಿತ ಅಳೆಯುವ ಯಂತ್ರ ಕೈಗೆ ಕೊಟ್ಟು ಹಿಸುಕಿ ಎಂದರು. ಮೆಲ್ಲಗೆ ಹಿಸುಕಬಹುದಿತ್ತು. ಕಿವುಡ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಆದರೆ ಹತ್ತು ವರ್ಷದ ಮೇಲೆ ಮತ್ತೆ ಸಮವಸ್ತ್ರದವರ ಮುಂದೆ ನೆಟ್ಟಗೆ ನಿಂತಿದ್ದೆ, ನನ್ನ ಮಗಳ ಅಕ್ಷರ ಅವರ ಮೇಜಿನ ಮೇಲಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹಿಸುಕಿದೆ. ಮುಳ್ಳು ಏರಿದ್ದು ನೋಡಿ ಪಕ್ಕದ ಡಾಕ್ಟರು, “ಶಹಬ್ಬಾಸ್!” ಎಂದರು. ಹೊರಗೆ ಬಂದ ಮೇಲೆ ಒಂದು ಗಂಟೆ ಆ ಕೈಗೆ ಸ್ಪರ್ಶವೇ ಇರಲಿಲ್ಲ. ಅದನ್ನು ಅವರು ಕೇಳಲಿಲ್ಲ.

ಪಟ್ಟಿಯನ್ನು ಕಡತದಲ್ಲೇ ಇಟ್ಟುಕೊಂಡರು. ವಾಪಸು ಕೇಳಲು ನಾಚಿಕೆಯಾಯಿತು. ಇನ್ನೊಂದು ಬರೆದಿಟ್ಟುಕೋ.

ಅಪ್ಪ

*

ಡಿಸೆಂಬರ್ 5

ಮಗಳೇ,

ನಾನು, ಅಮ್ಮ. ಫೋನಿನಲ್ಲಿ ಹೇಳಿದರೆ ನಿಮ್ಮಪ್ಪನಿಗೆ ಕೇಳಿಸುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಿನಗೆ ಹೇಳಬಾರದು ಎಂದು ನಿಮ್ಮಪ್ಪ ಆಣೆ ಹಾಕಿಸಿದ್ದಾರೆ. ಆಣೆ ಮುರಿದಿದ್ದೇನೆ.

ಕಳೆದ ತಿಂಗಳು ಮಂಡಳಿಯ ಆದೇಶ ಬಂತು. ಕೈ ತುಂಬ ಸುಧಾರಿಸಿದೆ, ಈಗ ಊನ ಶೇಕಡಾ ಹದಿನೈದು ಎಂದು ಬರೆದಿದ್ದಾರೆ. ಇಪ್ಪತ್ತಕ್ಕಿಂತ ಕೆಳಗೆ ಬಂದರೆ ಪಿಂಚಣಿ ಇಲ್ಲವಂತೆ. ನಮಗೆ ಗೊತ್ತೇ ಇರಲಿಲ್ಲ. ನಿಂತೇ ಹೋಯಿತು. ಸೈನ್ಯದ ಆಸ್ಪತ್ರೆಯ ಕಾರ್ಡನ್ನೂ ವಾಪಸು ಕೊಡಬೇಕು ಎಂದಿದೆ. ನಿನ್ನ ಪಟ್ಟಿಯನ್ನು ಆದೇಶದ ಹಿಂದೆ ಲಗತ್ತಿಸಿ ಕಳಿಸಿದ್ದಾರೆ. ‘ಆಧಾರ: ಅರ್ಜಿದಾರರೇ ಒದಗಿಸಿದ ದಾಖಲೆ’ ಎಂದು ಮೇಲೆ ಬರೆದಿದೆ.

ನಿನ್ನ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ, ಕೇಳಿಸಿತೆ? ನಾಳೆ ಯಾವುದೋ ಬಾಯಿಂದ ಗೊತ್ತಾಗುವುದಕ್ಕಿಂತ ನನ್ನಿಂದ ಗೊತ್ತಾಗಲಿ ಎಂದು. ಅಂಗಿಗಳನ್ನು ಈಗ ಎರಡು ಪಟ್ಟು ತರಿಸುತ್ತಿದ್ದೇನೆ. ನಿನ್ನ ಫೀಸಿನ ಚಿಂತೆ ನಿನಗೆ ಬೇಡ.

ನಿಮ್ಮಪ್ಪ ಬೆಳಿಗ್ಗೆ ಮೇಣ ಕಾಯಿಸುತ್ತಾರೆ, ಕೈ ಅದ್ದುತ್ತಾರೆ. ಮೊದಲು ಜೋರಾಗಿ ಎಣಿಸುತ್ತಿದ್ದರು. ಈಗ ಎಣಿಸುವುದು ಕೇಳಿಸುವುದಿಲ್ಲ.

ಅಮ್ಮ

*

ಡಿಸೆಂಬರ್ 9

ಅಪ್ಪಾ,

ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ. ನನ್ನ ಮೇಲೆ ಮಾಡಿಕೋ.

ಸಂಕೋಚ ಪಟ್ಟರೆ ಮಾತು ಬಿಡುತ್ತೇನೆ ಎಂದು ಬರೆದವಳು ನಾನು. ಆ ಸಾಲು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಪಟ್ಟಿಯಲ್ಲಿ ನಾನು ಬೆರಳು ಎಷ್ಟು ಬಿಚ್ಚುತ್ತದೆ ಎಂದು ಮಾತ್ರ ಬರೆದೆ. ಹತ್ತು ನಿಮಿಷಕ್ಕೆ ಮರಗಟ್ಟುತ್ತದೆ ಎಂದು ಬರೆಯಲಿಲ್ಲ. ಬೆರಳ ತುದಿಗೆ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ ಎಂದು ಬರೆಯಲಿಲ್ಲ. ಚಂದ ಕಾಣುವುದನ್ನಷ್ಟೇ ಬರೆದೆ.

ಮೇಲ್ಮನವಿ ಹಾಕಲು ಆರು ತಿಂಗಳ ಅವಕಾಶ ಇದೆಯಂತೆ. ಮೇಡಂ ಜೊತೆ ಕೂತು ಮನವಿ ಬರೆದಿದ್ದೇನೆ, ಸಹಿ ಮಾಡಿ ಕಳಿಸು. ಸತ್ಯ ಪೂರ್ತಿ ಗೊತ್ತಾದರೆ ಅವರು ಒಪ್ಪಲೇಬೇಕು. ಅಲ್ಲಿಯವರೆಗೆ ನಾನು ಕಾಲೇಜು ಬಿಡುತ್ತೇನೆ. ಇಲ್ಲಿನ ಬಟ್ಟೆ ಒಗೆಯುವ ಜಾಗದಲ್ಲೇ ಕೆಲಸ ಖಾಲಿ ಇದೆ, ಕೇಳಿದ್ದೇನೆ.

ವ್ಯಾಯಾಮ ಮಾತ್ರ ನಿಲ್ಲಿಸಬೇಡ.

ಇಕ್ಕಳ

*

ಜನವರಿ 11

ಇಕ್ಕಳಾ,

ಮನವಿಗೆ ಸಹಿ ಮಾಡಿ ಕಳಿಸಿದ್ದೇನೆ. ಮೇ ತಿಂಗಳಲ್ಲಿ ಕರೆಯುತ್ತಾರಂತೆ. ಕಾಲೇಜು ಬಿಡುವ ಮಾತು ಇನ್ನೊಮ್ಮೆ ಎತ್ತಬೇಡ. ಎತ್ತಿದರೆ ಈ ಮನೆಗೆ ಬರಬೇಡ. ಇಷ್ಟು ಬಿರುಸಾಗಿ ನಿನಗೆ ನಾನು ಯಾವತ್ತೂ ಬರೆದಿಲ್ಲ.

ಡಿಸೆಂಬರಿನಲ್ಲಿ ಟಯರ್ ಮಾವನ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದೆ. ಹದಿನೈದೇ ಪರ್ಸೆಂಟ್ ಊನ ಎಂದ ಮೇಲೆ ಎಂಬತ್ತೈದು ಪರ್ಸೆಂಟ್ ಮೆಕ್ಯಾನಿಕ್ ನಾನು, ಅಲ್ಲವೆ? ಒಂಬತ್ತು ದಿನ ಹೋದೆ. ಒಂಬತ್ತನೇ ದಿನ ಒಂದು ಬ್ರೆಡ್ ಗಾಡಿಯ ಚಕ್ರ ಹಾಕಿದೆ. ನಟ್ಟು ಬಿಗಿಯಾಗಿದೆ ಎಂದು ಕೈ ಹೇಳಿತು, ನಂಬಿದೆ. ಗಾಡಿ ಇಳಿಜಾರಿನಲ್ಲಿ ಹೋಗುವಾಗ ಚಕ್ರ ಕಳಚಿಕೊಂಡು ಮುಂದೆ ಓಡಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಡ್ರೈವರು ಅಷ್ಟು ದೂರ ನಡೆದು ವಾಪಸು ಬಂದ. ಬೈಯಲಿಲ್ಲ. ನನ್ನ ಕೈಯನ್ನೇ ನೋಡಿ, “ಮನೇಲಿ ಎರಡು ಮಕ್ಕಳಿದಾವೆ ಸಾರ್” ಎಂದ.

ನಿಮ್ಮ ಮಾವ, “ಯಾರಿಗೂ ಏನೂ ಆಗಿಲ್ವಲ್ಲ ಭಾವ, ಬನ್ನಿ, ಟೀ ಕುಡೀರಿ” ಎಂದರು. ಕುಡಿದೆ. ಮಾರನೇ ದಿನ ಹೋಗಲಿಲ್ಲ. ಅವರೂ ಕರೆಯಲಿಲ್ಲ. ಕೈ ಕೈಕೊಟ್ಟಿತು ಎಂದು ತಮಾಷೆ ಮಾಡೋಣವೆಂದರೆ ನಗು ಬರುವುದಿಲ್ಲ. ಪಿಂಚಣಿಯವರಿಗೆ ಇದು ಒಳ್ಳೆಯ ಕೈ, ಕೆಲಸಕ್ಕೆ ಕೆಟ್ಟ ಕೈ. ಒಂದೇ ಕೈ.

ಒಂದು ವಿಷಯ. ನಿಮ್ಮ ಪುಸ್ತಕದಲ್ಲಿ ಇರುತ್ತದಲ್ಲ, ವ್ಯಾಯಾಮ ನಿಲ್ಲಿಸಿದರೆ ಬೆರಳು ಮತ್ತೆ ಮಡಚಿಕೊಳ್ಳಲು ಎಷ್ಟು ದಿನ ಬೇಕು? ಸುಮ್ಮನೆ ಕೇಳಿದೆ.

ಅಪ್ಪ

*

ಜನವರಿ 16

ಅಪ್ಪಾ,

ಸುಮ್ಮನೆ ಕೇಳಿದ್ದಲ್ಲ ಅದು.

ಉತ್ತರ ನನಗೆ ಗೊತ್ತು. ಬರೆಯುವುದಿಲ್ಲ. ಇನ್ನೊಮ್ಮೆ ಕೇಳಬೇಡ.

ಕಾಲೇಜು ಬಿಡುವುದಿಲ್ಲ, ಆಯಿತೆ? ಸಂಜೆ ಹೊತ್ತು ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಸೇರಿದ್ದೇನೆ. ನೀನು ಆ ಹತ್ತು ನಿಮಿಷದ ಮರಗಟ್ಟುವಿಕೆ, ಬ್ರೆಡ್ ಗಾಡಿ, ಎಲ್ಲವನ್ನೂ ಮಂಡಳಿಗೆ ಇದ್ದದ್ದು ಇದ್ದ ಹಾಗೆ ಹೇಳು. ಅಷ್ಟು ಸಾಕು.

ನಿನ್ನ ಮುಂದಿನ ಪತ್ರದ ಅಕ್ಷರ ನೋಡಲು ಕಾಯುತ್ತಿರುತ್ತೇನೆ.

ಇಕ್ಕಳ

*

ಫೆಬ್ರವರಿ 22

ಇಕ್ಕಳಾ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ನಿಮ್ಮಮ್ಮ ಬರೆಯುತ್ತಿದ್ದಾಳೆ. ಬಲಗೈಗೆ ಸ್ವಲ್ಪ ನೆಗಡಿ ಎಂದಿಟ್ಟುಕೋ. ಚಳಿಗೆ ಬಿಗಿದುಕೊಂಡಿದೆ. ಉಳಿದಂತೆ ನಾವು ಕ್ಷೇಮ. ನೀನು ಚೆನ್ನಾಗಿ ಓದು. ಊಟ ಬಿಡಬೇಡ.

ಅಪ್ಪ

ಮಗಳೇ, ಇನ್ನು ಮುಂದಿನದು ನನ್ನದು. ಅವರು ಹೊರಗೆ ಹೋಗಿದ್ದಾರೆ.

ನೆಗಡಿಯಲ್ಲ. ನಿನ್ನ ಜನವರಿಯ ಕಾಗದ ಬಂದ ದಿನದಿಂದ ಮೇಣದ ಪಾತ್ರೆ ಅಟ್ಟದ ಮೇಲೆ ಹೋಯಿತು. ಈಗ ಮುಷ್ಟಿ ಮಾಡಿ ಅದರ ಮೇಲೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿಕೊಂಡಿರುತ್ತಾರೆ. ಸ್ನಾನಕ್ಕೆ ಮಾತ್ರ ಬಿಚ್ಚುವುದು. ಮೇ ತಿಂಗಳವರೆಗೆ ಎನ್ನುತ್ತಾರೆ.

ಒಂದೇ ಕೈಯಲ್ಲಿ ಆ ಕಟ್ಟು ಹಾಕಿಕೊಳ್ಳಲು ಯಾರಿಗೂ ಆಗುವುದಿಲ್ಲ. ನೀನಾಗಿ ಯೋಚಿಸಿ ಅದನ್ನು ಕಂಡುಹಿಡಿಯುವ ಮೊದಲು ನಾನೇ ಹೇಳಿಬಿಡುತ್ತಿದ್ದೇನೆ.

ಅಮ್ಮ

*

ಫೆಬ್ರವರಿ 26

ಅಮ್ಮಾ,

ಬಿಚ್ಚು. ಈ ಕಾಗದ ಓದಿ ಮುಗಿಸುವ ಮೊದಲೇ ಬಿಚ್ಚು. ಸ್ನಾಯು ಬಿಗಿದರೆ ಎಳೆದು ಬಿಡಿಸಬಹುದು, ಕೀಲುಗಳೇ ಕೂಡಿಕೊಂಡರೆ ಯಾರಿಂದಲೂ ಆಗುವುದಿಲ್ಲ. ನನ್ನಿಂದಲೂ ಆಗುವುದಿಲ್ಲ, ಮೇಡಮ್ಮಿಂದಲೂ ಆಗುವುದಿಲ್ಲ.

ನೀನು ಹೇಗೆ ಒಪ್ಪಿದೆ?

ಇಕ್ಕಳ

*

ಮಾರ್ಚ್ 4

ಮಗಳೇ,

ಹೇಗೆ ಒಪ್ಪಿದೆ ಎಂದು ಕೇಳಿದ್ದೀಯ.

ಮದುವೆಯಾದಾಗಿನಿಂದ ನಿಮ್ಮಪ್ಪ ನನ್ನನ್ನು ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಅಂಗಿಯ ಗುಂಡಿ ಹಾಕು ಎಂದೂ ಕೇಳುತ್ತಿರಲಿಲ್ಲ, ಸುಮ್ಮನೆ ಎದುರಿಗೆ ಬಂದು ನಿಲ್ಲುತ್ತಿದ್ದರು. ಆವತ್ತು ಬಾಯಿಬಿಟ್ಟು ಕೇಳಿದರು. “ಅವಳು ಸಂಜೆ ಹೊತ್ತು ಕ್ಲಿನಿಕ್ಕಲ್ಲಿ ದುಡೀತಾಳಂತೆ ಕಣೇ. ಈ ಕೈ ಇನ್ನೇನಕ್ಕೆ ಬರುತ್ತೆ ಹೇಳು?” ಎಂದರು. ಕಟ್ಟಿದೆ. ನಿನಗೆ ಉತ್ತರ ಹೊಳೆದರೆ ಬರೆ.

ನಿನ್ನ ಕಾಗದ ಓದಿ ಬಿಚ್ಚಿದ್ದೆ. ಸಂಜೆಗೆ ಎಡಗೈ ಮತ್ತು ಹಲ್ಲಿನಿಂದ ತಾವೇ ಕಟ್ಟಿಕೊಂಡಿದ್ದರು. ಗಂಟು ಚರ್ಮಕ್ಕೆ ಕೂತು ರಕ್ತ ಬಂದಿತ್ತು. ನಾನೇ ಕಟ್ಟಿದರೆ ರಕ್ತವಾದರೂ ಬರುವುದಿಲ್ಲ.

ಅಮ್ಮ

*

ಮಾರ್ಚ್ 23

ಅಪ್ಪಾ,

ಹೇಳದೆ ಕೇಳದೆ ಬಂದದ್ದಕ್ಕೆ ಕ್ಷಮಿಸು. ಕೂಗಾಡಿದ್ದಕ್ಕೂ ಕ್ಷಮಿಸು. ನಿನ್ನ ಬೆರಳುಗಳನ್ನು ಬಲವಂತವಾಗಿ ಎಳೆದದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನೀನು ನನ್ನನ್ನು ತಳ್ಳಿದೆ. ಬಾಗಿಲಿಗೆ ತಲೆ ತಗುಲಿದ್ದು ದೊಡ್ಡದಲ್ಲ, ಬುಗುಟೆ ಆಗಲೇ ಇಳಿದಿದೆ. ಆದರೆ ತಳ್ಳಿದ ಮೇಲೆ ನೀನು ಗೋಡೆಯ ಕಡೆ ತಿರುಗಿ ಕೂತೆಯಲ್ಲ, ನಾನು ಬಸ್ಸಿಗೆ ಹೊರಡುವವರೆಗೂ ತಿರುಗಲಿಲ್ಲವಲ್ಲ. ಹೋಗಿ ಬರುತ್ತೇನೆ ಎಂದು ಮೂರು ಸಲ ಹೇಳಿದೆ.

ಇವತ್ತು ವಾರ್ಡಿನಲ್ಲಿ ಒಬ್ಬರು ಅಜ್ಜಿಗೆ ಕೈ ವ್ಯಾಯಾಮ ಮಾಡಿಸಬೇಕಿತ್ತು. “ದಿನಾ ಮಾಡಿ ಅಜ್ಜಿ, ಖಂಡಿತ ಗುಣ ಆಗುತ್ತೆ” ಎನ್ನಲು ಬಾಯಿ ತೆರೆದೆ. ಅಜ್ಜಿಯ ಬೆರಳು ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ. ಮೇಡಂ ಬಂದು ನನ್ನನ್ನು ಪಕ್ಕಕ್ಕೆ ಕಳಿಸಿ ತಾವೇ ಮಾಡಿಸಿದರು.

ಇನ್ನೂ ಆರು ವಾರ ಇದೆ. ಬಿಚ್ಚು ಅಪ್ಪಾ.

ಇಕ್ಕಳ

*

ಜೂನ್ 2

ಇಕ್ಕಳಾ,

ಇದು ಎಡಗೈ. ನಿನಗೆ ಹೇಗೂ ಗೊತ್ತಾಗುತ್ತದೆ.

ಮಾರ್ಚಿನಿಂದ ನಿನಗೆ ಬರೆಯಲಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ. ನಿನ್ನನ್ನು ತಳ್ಳಿದ್ದು ಈ ಕೈಯೇ, ಎಡಗೈ. ಅದಕ್ಕೆ ಯಾವ ನೆಪವೂ ಇಲ್ಲ.

ಮಂಡಳಿ ಮುಗಿಯಿತು. ಅದೇ ಮೊಗಸಾಲೆ. ಕಿವುಡ ಮುದುಕ ಇರಲಿಲ್ಲ. ಒಳಗೆ ಅದೇ ಡಾಕ್ಟರು. ಕೈ ಚಾಚಿದೆ. ಬಿಡಿಸಿ ಎಂದರು. ಬರುವುದಿಲ್ಲ ಎಂದೆ. ಅವರೇ ಎದ್ದು ಬಂದು ಒಂದೊಂದೇ ಬೆರಳು ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ, ಮುಖ ಬಾಡಿಹೋಯಿತು. “ಅಕ್ಟೋಬರಲ್ಲಿ ಎಷ್ಟು ಚೆನ್ನಾಗಿತ್ತಲ್ರೀ. ಏನ್ ಮಾಡ್ಕೊಂಡ್ರಿ ಇದನ್ನ?” ಎಂದರು.

ಸುಳ್ಳು ಹೇಳಬೇಕೆಂದೇ ಹೋಗಿದ್ದೆ. ಚಳಿಗೆ ಹೀಗಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಹೋಗಿದ್ದೆ. ಆದರೆ ಅಷ್ಟು ಮರುಗಿ ಕೇಳಿದರಲ್ಲ, ಚಳಿಯ ಮಾತು ಬಿಟ್ಟು ನನ್ನ ಮಣಿಕಟ್ಟು ನೋಡಿಕೊಂಡೆ. ಮಣಿಕಟ್ಟಿನ ಮೇಲೆ ಕಟ್ಟಿನ ಗುರುತು ಇತ್ತು. ಅವರು ಅದನ್ನು ನೋಡಿದರು. ನಾನು ನೋಡಿದ್ದನ್ನೂ ನೋಡಿದರು.

ನಿನ್ನೆ ಆದೇಶ ಬಂತು. ಊನ ಈಗ ಶೇಕಡಾ ಐವತ್ತು. ಆದರೆ ಹೆಚ್ಚಿದ ಊನ ಚಿಕಿತ್ಸೆಯನ್ನು ಅರ್ಜಿದಾರರೇ ನಿಲ್ಲಿಸಿದ್ದರಿಂದ ಬಂದದ್ದು, ಸೇವೆಯಿಂದ ಬಂದದ್ದಲ್ಲ. ಸೇವೆಯಿಂದ ಬಂದದ್ದು ಹದಿನೈದೇ. ಮನವಿ ವಜಾ. ಇದೇ ಕೊನೆಯದು, ಇದರ ಮೇಲೆ ಇನ್ನು ಮನವಿ ಇಲ್ಲ.

ಸುಳ್ಳು ಬರೆದಿದ್ದರೆ ಜಗಳ ಆಡಬಹುದಿತ್ತು. ಅವರು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಹುಡುಕುತ್ತಿದ್ದೇನೆ, ಯಾರೂ ಸಿಗುತ್ತಿಲ್ಲ.

ನೀನು ಸತ್ಯ ಪೂರ್ತಿ ಹೇಳು ಎಂದಿದ್ದೆ. ನನ್ನ ಹತ್ತಿರ ಪೂರ್ತಿ ಸತ್ಯ ಇದ್ದಾಗ ನಾನು ಅದನ್ನು ಕಟ್ಟಿ ಇಟ್ಟೆ.

ಅಪ್ಪ

*

ಆಗಸ್ಟ್ 30

ಮಗಳೇ,

ನೀನೂ ನಿಮ್ಮ ಮೇಡಮ್ಮೂ ಬಂದು ಹೋಗಿ ಒಂದು ತಿಂಗಳಾಯಿತು. ಅಷ್ಟು ದೂರದಿಂದ ಅವರು ತಮ್ಮ ರಜೆ ಹಾಳು ಮಾಡಿಕೊಂಡು ಬಂದರು. ಕೈ ನೋಡಿದ ಮೇಲೆ ಅವರು ನಿನ್ನ ಮುಖ ನೋಡಿದಾಗಲೇ ನನಗೆ ಅರ್ಥವಾಗಿತ್ತು. ಆಪರೇಷನ್ ಮಾಡಿಸಿದರೆ ಲೋಟ ಹಿಡಿಯುವಷ್ಟು ಬರಬಹುದು ಎಂದರಲ್ಲ, ಅದನ್ನು ನಿಮ್ಮಪ್ಪ ಕೇಳಿಸಿಕೊಂಡರೋ ಇಲ್ಲವೋ. ಆಸ್ಪತ್ರೆಯ ಕಾರ್ಡು ಇಲ್ಲದೆ ಅದು ಆಗುವ ಮಾತೂ ಅಲ್ಲ. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಷ್ಟೋ ದಿನವಾಯಿತು. ಈಗ ಕಟ್ಟದಿದ್ದರೂ ಹಾಗೇ ಇರುತ್ತದೆ.

ಈಗ ನನ್ನ ಪಕ್ಕದಲ್ಲೇ ಕೂತು ಎಡಗೈಯಲ್ಲಿ ಕತ್ತರಿ ಹಿಡಿದು ಕಾಜಾದ ದಾರದ ತುದಿ ಕತ್ತರಿಸುತ್ತಾರೆ. ಮೊದಲ ವಾರ ನಾಲ್ಕು ಅಂಗಿ ಹಾಳಾದವು. ನಾನು ಏನೂ ಅನ್ನಲಿಲ್ಲ. ಗಾರ್ಮೆಂಟ್ಸಿನವನು ಅಂದ. ಈಗ ಕೈ ಕೂತಿದೆ. ನನ್ನ ಗಂಡ ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು ಎಂದು ಆ ಗಾರ್ಮೆಂಟ್ಸಿನವನಿಗೆ ಒಂದು ಸಲ ಹೇಳಬೇಕೆನ್ನಿಸಿತ್ತು. ಹೇಳಿ ಏನಾಗಬೇಕು?

ಮಾತು ಬಹಳ ಕಡಿಮೆ. ನೀನು ಬರೆದರೆ ಓದುತ್ತಾರೆ, ಮಡಚಿ ಇಡುತ್ತಾರೆ. ಉತ್ತರ ಬರೆಯಿರಿ ಎಂದರೆ ನಾಳೆ ಎನ್ನುತ್ತಾರೆ. ನೀನು ಬೇಸರ ಮಾಡಿಕೊಳ್ಳಬೇಡ. ಕೊನೆಯ ವರ್ಷ, ಚೆನ್ನಾಗಿ ಮುಗಿಸು.

ಮೊನ್ನೆ ಇದ್ದಕ್ಕಿದ್ದಂತೆ ಕತ್ತರಿ ಕೆಳಗಿಟ್ಟು, “ಅವಳು ಈಗಲೂ ಬೇರೆಯವರ ಕೈಗೆ ವ್ಯಾಯಾಮ ಹೇಳ್ಕೊಡ್ತಾಳಾ?” ಎಂದು ಕೇಳಿದರು.

“ಹೂಂ. ಅದೇ ಅಲ್ವಾ ಅವಳ ಓದು” ಎಂದೆ.

ಮಡಿಲಿಗೆ ಬಿದ್ದ ದಾರದ ತುಣುಕುಗಳನ್ನು ಕೊಡವಿದರು. ಆಮೇಲೆ, “ಶುರು ಮಾಡೋಕೆ ಮುಂಚೆ ಅವರನ್ನೊಂದು ಮಾತು ಕೇಳ್ಬೇಕು ಅಂತ ಬರಿ. ವಾಸಿಯಾದ್ರೆ ನಿಮಗೇನಾಗುತ್ತೆ ಅಂತ” ಎಂದರು.

ತಮಾಷೆಗೆ ಅಂದರೋ ನಿಜವಾಗಿಯೋ, ಮುಖ ನೋಡಿದರೂ ತಿಳಿಯಲಿಲ್ಲ. ಬರೆ ಎಂದರು, ಬರೆದಿದ್ದೇನೆ.

ಅಮ್ಮ